ಎಡ ಮಡ್‌ಗಾರ್ಡಿನ ನೀಲಿ

ಚಿಕ್ಕಪ್ಪನ ಒಂಬತ್ತು ವರ್ಷದ ಕೆಲಸವನ್ನು ನಾನು ಒಂದು ಭಾನುವಾರ ಬೆಳಗ್ಗೆ, ಪಾತ್ರೆ ತೊಳೆಯುವ ಸೋಪು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಮುಕ್ಕಾಲು ಗಂಟೆಯಲ್ಲಿ ತೊಳೆದು ಹಾಕಿದೆ.

ಕೆಟ್ಟ ಉದ್ದೇಶವೇನೂ ಇರಲಿಲ್ಲ. ಕೆಲಸ ಸಿಕ್ಕಿ ಈ ಊರಿಗೆ ಬಂದಾಗ ಚಿಕ್ಕಮ್ಮ ತಮ್ಮ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟಿದ್ದರು. ಆರು ತಿಂಗಳು ಅವರ ಕೈಯಡುಗೆ ತಿಂದು ಮೈ ಬೆಳೆಸಿದವನು ಒಂದು ದಿನವಾದರೂ ಕೆಲಸಕ್ಕೆ ಬರೋಣ ಅಂದುಕೊಂಡೆ. ಅವರಿಬ್ಬರೂ ನಮ್ಮ ಅಮ್ಮನನ್ನು ನೋಡಿ ಬರಲು ಹೋಗಿದ್ದ ದಿನ ಅದು. ಮನೆಯೆಲ್ಲ ಕಣ್ಣಾಡಿಸಿದಾಗ ಕಿಟಕಿ ಪಕ್ಕದ ಮೇಜಿನ ಮೇಲೆ ಆಟಿಕೆ ಟ್ಯಾಂಕು ಕಾಣಿಸಿತು. ಯುದ್ಧದ ಟ್ಯಾಂಕಿನ ಚಿಕ್ಕ ರೂಪ, ಮೊಳದುದ್ದ, ರಿಮೋಟ್ ಒತ್ತಿದರೆ ಓಡುವಂಥದ್ದು. ಮೈತುಂಬ ಧೂಳು, ಅಲ್ಲಲ್ಲಿ ತುಕ್ಕು, ಚೈನಿನ ಸಂದಿಯಲ್ಲಿ ಒಣಗಿದ ಕೆಸರು. ಮಕ್ಕಳಿಲ್ಲದ ಮನೆಯಲ್ಲಿ ಪಾಪ ಇದನ್ನು ಕೇಳುವವರೇ ಇಲ್ಲ ಅಂತ ನನಗೆ ಮರುಕ ಬಂತು. ಬ್ಯಾಟರಿ ನೆನೆಯಬಾರದು ಎಂಬಷ್ಟು ಬುದ್ಧಿ ಮಾತ್ರ ಇತ್ತು. ಹೊಟ್ಟೆಯಡಿಯ ಮುಚ್ಚಳ ತೆಗೆದೆ. ಬ್ಯಾಟರಿಯ ಜೊತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ರಟ್ಟಿನ ಚೀಟಿ ಬಂತು. ಒಂದು ಬದಿಗೆ ಕೆನೆ ಬಣ್ಣ, ಹಿಂದೆ ಪೆನ್ಸಿಲ್ಲಿನಲ್ಲಿ ಒಂದು ಕಾರಿನ ನಂಬರು, ಒಂದು ತಾರೀಖು. ನನ್ನ ಕೈಯ ನೀರು ಅದಕ್ಕೂ ತಾಗಿತ್ತು. ಒಣಗಲಿ ಅಂತ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟೆ.

ಉಜ್ಜಿದಷ್ಟೂ ಹಸಿರು ಹೊಳೆಯಿತು. ಎಡ ಮಡ್‌ಗಾರ್ಡಿನ ಮೇಲೆ ಮಾತ್ರ ಮೂರು ಬೆರಳಗಲದ ಒಂದು ನೀಲಿ ಗೀರು, ಏನು ಮಾಡಿದರೂ ಹೋಗಲಿಲ್ಲ.

ಸಂಜೆ ಇಬ್ಬರೂ ಬಂದರು. ಚಿಕ್ಕಮ್ಮ ಬಾಗಿಲಲ್ಲೇ ನಿಂತು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಅಂತೂ ನನ್ನ ಸವತಿಗೆ ಇವತ್ತು ಸ್ನಾನ ಆಯ್ತು. ನೋಡ್ರೀ, ಮದುಮಗಳ ಥರಾ ಕೂತಿದಾಳೆ."

ಚಿಕ್ಕಪ್ಪ ಟ್ಯಾಂಕಿನ ಹೊಳಪು ನೋಡಲೇ ಇಲ್ಲ. ನೇರವಾಗಿ ಅದನ್ನೆತ್ತಿ ಹೊಟ್ಟೆಯೊಳಗೆ ಬೆರಳು ಹಾಕಿದರು.

"ಒಳಗೊಂದು ಚೀಟಿ ಇತ್ತು."

"ಒದ್ದೆಯಾಗಿತ್ತು ಚಿಕ್ಕಪ್ಪ. ಕಿಟಕಿ ಹತ್ರ ಇಟ್ಟಿದೀನಿ."

ಅವರು ಕಿಟಕಿಗೆ ಹೋಗಿ ಚೀಟಿ ಎತ್ತಿಕೊಂಡು ಕೆಳಗೆ ಬಗ್ಗಿ ನೋಡಿದರು. ನಮ್ಮ ಕಿಟಕಿಯ ನೇರ ಕೆಳಗೆ ಟೈಲರ್ ಅಕ್ಕನ ಅಂಗಡಿ. ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು.

"ಗಾಳಿ ಬಂದಿದ್ರೆ?"

"ಕೆಳಗೆ ಬೀಳ್ತಿತ್ತು. ಅಕ್ಕ ಎತ್ತಿ ಕೊಡ್ತಿದ್ರು."

ಚಿಕ್ಕಪ್ಪ ಕುರ್ಚಿಯ ಮೇಲೆ ಕೂತರು. "ಹೌದು," ಅಂದರು. "ಎತ್ತಿ ಕೊಡ್ತಿದ್ರು."

ಬೈಗುಳಕ್ಕೆ ತಯಾರಾಗಿ ನಿಂತವನಿಗೆ ಒಂದೂ ಸಿಗಲಿಲ್ಲ. ಆ ಧೂಳೂ ತುಕ್ಕೂ ಚಿಕ್ಕಪ್ಪನೇ ಒಂದೊಂದು ಚಿಟಿಕೆಯಾಗಿ ಹಚ್ಚಿದ್ದು ಎಂದು ರಾತ್ರಿ ಊಟಕ್ಕೆ ಕೂತಾಗ ಚಿಕ್ಕಮ್ಮ ಹೇಳಿದರು.

ಚಿಕ್ಕಪ್ಪ ಗ್ಯಾರೇಜಿನಲ್ಲಿ ಪೇಂಟ್ ಮೇಸ್ತ್ರಿ. ಗುದ್ದಿ ಬಂದ ಕಾರುಗಳ ತಗ್ಗಿಗೆ ಪುಟ್ಟಿ ಮೆತ್ತಿ, ಉಜ್ಜಿ, ಹಳೆಯ ಬಣ್ಣಕ್ಕೆ ಹೊಸ ಬಣ್ಣ ಹೊಂದಿಸಿ ಹೊಡೆಯುವುದು ಇಪ್ಪತ್ತೆಂಟು ವರ್ಷದ ಕಸುಬು. ಅವರ ಕೈ ದಾಟಿದ ಕಾರಿಗೆ ಪೆಟ್ಟು ಬಿದ್ದಿತ್ತು ಎಂಬುದನ್ನು ಅದರ ಯಜಮಾನನೂ ಮರೆಯುತ್ತಾನೆ. ಕಣ್ಣು ಮುಚ್ಚಿ ಬಾಗಿಲ ಮೇಲೆ ಅಂಗೈ ಆಡಿಸಿ, ಎಲ್ಲಿ ಪುಟ್ಟಿ ಇದೆ, ಎಲ್ಲಿ ಬರೀ ತಗಡು ಅಂತ ಹೇಳಬಲ್ಲರು. ಕಾರುಗಳ ಪೆಟ್ಟು ಅಳಿಸಿ ಮನೆಗೆ ಬಂದ ಮನುಷ್ಯ ಅಂಗಿ ಕೂಡ ಬದಲಾಯಿಸದೆ ಒಂದು ಆಟಿಕೆಗೆ ಪೆಟ್ಟು ಬರೆಯುತ್ತಾ ಕೂರುತ್ತಾರೆ. ಇದೆಂಥ ಹುಚ್ಚು ಅಂತ ನಾನು ಕೇಳಲಿಲ್ಲ. ನಾನು ಅಪಘಾತ ವಿಮೆಯ ಆಫೀಸಿನಲ್ಲಿ ನಜ್ಜುಗುಜ್ಜಾದ ಕಾರುಗಳ ಫೋಟೋಗಳಿಗೆ ನಂಬರು, ತಾರೀಖು ಹಚ್ಚಿ ಹೆಸರಿಡುವವನು. ಹುಚ್ಚಿನ ಮಾತಾಡುವ ಅರ್ಹತೆ ನನಗಿರಲಿಲ್ಲ.

ತೊಳೆದ ತಪ್ಪಿಗೆ ಮುಂದಿನ ಭಾನುವಾರಗಳೆಲ್ಲ ನಾನು ಅವರ ಪಕ್ಕದಲ್ಲಿ ಕೂತು ಕೊಳೆ ಮಾಡುವುದನ್ನು ಕಲಿತೆ. ಮೊದಲು ತುಕ್ಕಿನ ಕಂದು. ಅದರ ಮೇಲೆ ಕೂದಲಿಗೆ ಹೊಡೆಯುವ ಸ್ಪ್ರೇ. ಅದರ ಮೇಲೆ ಹಸಿರು. ಹಸಿರು ಒಣಗಿದ ಮೇಲೆ ಒದ್ದೆ ಕುಂಚದಿಂದ ತಿಕ್ಕಿದರೆ ನಡುವಿನ ಸ್ಪ್ರೇ ಕರಗಿ, ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಕೆಳಗಿನ ತುಕ್ಕು ಕಾಣುತ್ತದೆ. ಆ ಸ್ಪ್ರೇ ತರಲು ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. ಅಂಗಡಿಯವನು ಚಿಕ್ಕಪ್ಪನ ಬೋಳುತಲೆಯನ್ನು ನೋಡಿ, ಡಬ್ಬಿಯನ್ನು ನೋಡಿ, ನನ್ನನ್ನು ನೋಡಿದ. ನಾನು ಹಲ್ಲು ಗಿಂಜಿದೆ. ಧೂಳಿಗೆ ಹಿತ್ತಲ ಮಣ್ಣು ಬೇಕು. ಅದನ್ನು ಸೋಸಲು ಚಿಕ್ಕಮ್ಮನ ಟೀ ಸೋಸುವ ಜಾಲರಿಯೇ ಆಗಬೇಕು.

"ಇನ್ನೊಂದು ಸಲ ನನ್ನ ಜಾಲರಿ ಮುಟ್ಟಿದ್ರೆ ಸವತಿಗೆ ಡೈವೋರ್ಸ್ ಕೊಡಿಸ್ತೀನಿ," ಅಂತ ಒಳಗಿನಿಂದ ಕೂಗು ಬರುತ್ತಿತ್ತು.

ನಾನು ಸ್ಪಂಜಿನ ತುಂಡು ಅದ್ದಿ ಅಲ್ಲಲ್ಲಿ ತುಕ್ಕು ಒತ್ತುತ್ತಿದ್ದರೆ ಚಿಕ್ಕಪ್ಪ ಕೈ ಹಿಡಿಯುತ್ತಿದ್ದರು. "ಏನು ಸಾಹೇಬ್ರೇ, ಇದಕ್ಕೇನು ಸಿಡುಬು ಬಂದಿದ್ಯಾ? ಕಂಡಕಂಡಲ್ಲಿ ತುಕ್ಕು ಹಿಡಿಯಲ್ಲ. ಡ್ರೈವರು ಇಲ್ಲಿ ಕಾಲಿಟ್ಟು ಹತ್ತುತಾನೆ, ಇಲ್ಲಿ ಬಣ್ಣ ಸವೆಯತ್ತೆ. ಸವೆದಲ್ಲಿ ತುಕ್ಕು. ಮಳೆ ಬಂದ್ರೆ ಅಲ್ಲಿಂದ ಇಳಿದು ಹೀಗೆ ಹರಿಯತ್ತೆ. ಪ್ರತಿ ಗುರುತಿಗೂ ಏನೋ ಒಂದು ನಡೆದಿರಬೇಕು. ನಡೀದೆ ಇರೋದನ್ನ ಬರೆದ್ರೆ ನೋಡಿದೋರಿಗೆ ಗೊತ್ತಾಗಿಬಿಡತ್ತೆ."

"ಹಾಗಾದ್ರೆ ಈ ನೀಲಿ? ಯುದ್ಧದ ಟ್ಯಾಂಕಿನಲ್ಲಿ ನೀಲಿ ಎಲ್ಲಿಂದ ಬಂತು?"

"ಎದುರಿಗೆ ಬಂದಿದ್ರಿಂದ."

"ತೊಳೆದಾಗ ಅದೊಂದೇ ಹೋಗಲಿಲ್ಲ."

"ಅದು ಹೋಗಲ್ಲ. ನಾನೂ ತೊಳೆದು ನೋಡಿದೀನಿ."

ಟ್ಯಾಂಕಿನ ಒಳಗೂ ಅವರು ಕೈ ಹಾಕಿ ಮುಗಿಸಿದ್ದರು. ಪ್ಲಾಸ್ಟಿಕ್ ಚೈನು ಹೋಗಿ ಕಬ್ಬಿಣದ್ದು ಬಂದಿತ್ತು. ಗೇರುಗಳು ಹಿತ್ತಾಳೆಯವು, ಚಕ್ರಗಳು ಲೋಹದವು, ಫಿರಂಗಿಯ ನಳಿಗೆ ಅಲ್ಯೂಮಿನಿಯಂ. ಹೊಗೆ ಬಿಡಲು ಹಿಂದೆ ಒಂದು ಪುಟ್ಟ ಡಬ್ಬಿ. ಹುಟ್ಟಿದಾಗ ಇದ್ದದ್ದರಲ್ಲಿ ಉಳಿದದ್ದು ಮೇಲಿನ ಚಿಪ್ಪು ಮತ್ತು ರಿಮೋಟಿನ ಮಾತು ಕೇಳುವ ಹಳೆಯ ರಿಸೀವರು, ಎರಡೇ.

ಆ ರಿಸೀವರಿಗೊಂದು ದೆವ್ವ ಹಿಡಿದಿತ್ತು. ಸ್ವಿಚ್ ಹಾಕಿ, ರಿಮೋಟನ್ನು ದೂರವಿಟ್ಟು ಸುಮ್ಮನೆ ಕೂತರೂ ಟ್ಯಾಂಕಿನ ತಲೆ ತಾನಾಗಿ ತಿರುಗುತ್ತಿತ್ತು. ಚಕ್ ಎಂದು ಒಂದಿಷ್ಟು, ನಿಂತು, ಮತ್ತೆ ಒಂದಿಷ್ಟು. ಮೊದಲ ಸಲ ನೋಡಿದಾಗ, ವಿದ್ಯಾವಂತ ಅಂತ ತೋರಿಸಿಕೊಳ್ಳಬೇಕಲ್ಲ, ಕಾಲು ಮೇಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡು "ವೈಜ್ಞಾನಿಕ ಕಾರಣ ಇರಬೇಕು" ಅಂದೆ.

"ಇದೆ," ಅಂದರು ಚಿಕ್ಕಪ್ಪ. "ಕಿವಿಗೊಟ್ಟು ಕೇಳು."

ಕೆಳಗೆ ಟೈಲರ್ ಅಕ್ಕ ಹೊಲಿಯುತ್ತಿದ್ದರು. ಅವರ ಯಂತ್ರಕ್ಕೆ ಹಳೆಯ ಮೋಟರು, ಪೆಡಲು ಒತ್ತಿದಾಗಲೆಲ್ಲ ಕಿಡಿ ಹಾರುವಂಥದ್ದು. ಯಂತ್ರ ಓಡಿದರೆ ತಲೆ ತಿರುಗುತ್ತದೆ, ನಿಂತರೆ ನಿಲ್ಲುತ್ತದೆ. ಮೋಟರಿನ ಕಿಡಿಯನ್ನು ಈ ರಿಸೀವರು ರಿಮೋಟಿನ ಮಾತು ಅಂದುಕೊಳ್ಳುತ್ತದಂತೆ.

"ಅವರು ಅಂಗಡಿ ಹಾಕಿ ಆರು ವರ್ಷ. ಮೊದಲನೇ ದಿನ ಇದು ತಿರುಗಿದಾಗ ನನಗೆ ಗೊತ್ತಾಗಲಿಲ್ಲ," ಅಂದರು. "ಎರಡು ದಿನ ಮನೆಗೇ ಬರಲಿಲ್ಲ ನಾನು. ಗ್ಯಾರೇಜಲ್ಲೇ ಮಲಗಿದ್ದೆ."

ಅವರು ನಗುತ್ತಿದ್ದರು ಅಂತ ನಾನೂ ನಕ್ಕೆ.

ತೊಳೆದ ಪಾಪ ಕಳೆದುಕೊಳ್ಳಲು ನಾನು ಹೊಸ ಮಾದರಿಯ ರಿಮೋಟು, ರಿಸೀವರಿನ ಜೋಡಿಯೊಂದನ್ನು ತಂದುಕೊಟ್ಟೆ. ಅಕ್ಕಪಕ್ಕದ ಯಾವ ಕಿಡಿಗೂ ಅದು ಜಗ್ಗುವುದಿಲ್ಲ. ಚಿಕ್ಕಪ್ಪ ಬೇಡ ಅನ್ನದೆ ಕೂರಿಸಿದರು. ಕೆಳಗೆ ಯಂತ್ರ ಓಡಿತು, ಟ್ಯಾಂಕಿನ ತಲೆ ಕದಲಲಿಲ್ಲ. ನಾನು ಬೀಗಿದೆ. ಚಿಕ್ಕಪ್ಪ ಮಾತ್ರ ಆ ವಾರವಿಡೀ ಕೂತಲ್ಲಿ ಕೂರಲಿಲ್ಲ. ಕುಂಚ ಕೆಳಗಿಟ್ಟು ಕಿಟಕಿಗೆ ಹೋಗಿ ಬಗ್ಗಿ ನೋಡುವುದು, ಬರುವುದು, ಮತ್ತೆ ಹೋಗುವುದು. ಶನಿವಾರ ನೋಡಿದರೆ ಹಳೆಯ ರಿಸೀವರು ಮತ್ತೆ ಒಳಗಿತ್ತು, ನಾನು ತಂದದ್ದು ಡಬ್ಬಿಯಲ್ಲಿ.

"ಸದ್ದು ಕೇಳ್ತಿದ್ರೂ ಅದು ತಿರುಗದೆ ಇದ್ರೆ ಯಾಕೋ ಹಿಂದೆ ಯಾರೋ ನಿಂತ ಹಾಗಾಗತ್ತೆ," ಅಂದರು. "ತಿರುಗಲಿ ಬಿಡು. ಎಲ್ಲಿದೆ ಅಂತ ಕಾಣೋದು ವಾಸಿ."

ಟೈಲರ್ ಅಕ್ಕನ ಹತ್ತಿರ ನಾನು ಪ್ಯಾಂಟು ಸಡಿಲಿಸಲು ಹೋಗುತ್ತಿದ್ದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಹೆಂಗಸು. "ಏನಪ್ಪಾ ಆಫೀಸು, ಹೊಟ್ಟೆಗೆ ಮಾತ್ರ ತಿಂಗಳಿಗೊಂದು ಬಡ್ತಿ ಸಿಗ್ತಾ ಇದೆಯಲ್ಲ" ಅಂತ ಟೇಪು ಸುತ್ತುತ್ತಿದ್ದರು. ಅಂಗಡಿಯ ಮೂಲೆಯಲ್ಲಿ ಒಂದು ನೀಲಿ ಸೈಕಲ್ಲು ಗೋಡೆಗೆ ಒರಗಿತ್ತು. ಮುಂದಿನ ಚಕ್ರ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಅದರ ಮೇಲೆ ಹೊಲಿದ ಬಟ್ಟೆ ತೂಗುಹಾಕುತ್ತಿದ್ದರಿಂದ ನಾನು ಅದನ್ನೊಂದು ಸ್ಟ್ಯಾಂಡು ಅಂದುಕೊಂಡಿದ್ದೆ. ಅಂದುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಒಂದು ದಿನ ಅವರು ಹಳದಿಗಟ್ಟಿದ ಕಾಗದವೊಂದನ್ನು ಮುಂದಿಟ್ಟರು. "ಆಫೀಸಲ್ಲಿ ಇದನ್ನ ಹೊಸದಾಗಿ ಟೈಪ್ ಮಾಡಿಸ್ಕೊಂಡು ಬರ್ತೀಯಾ? ನೋಡಿದೋರು ಯಾರಾದ್ರೂ ಇದ್ರೆ ಹೇಳಿ ಅಂತ ವರ್ಷಕ್ಕೊಂದು ಸಲ ತಿರುವಿನ ಕಂಬಕ್ಕೆ ಅಂಟಿಸ್ತೀನಿ. ಅಕ್ಷರ ಮಾಸಿಹೋಗಿದೆ."

ಅವರ ಗಂಡ ಕಾರ್ಖಾನೆಯೊಂದರ ಕಾವಲುಗಾರ. ಒಂಬತ್ತು ವರ್ಷದ ಹಿಂದೆ ರಾತ್ರಿ ಪಾಳಿ ಮುಗಿಸಿ ಬೆಳಗಾಗುವ ಹೊತ್ತಿಗೆ ಸೈಕಲ್ಲಿನಲ್ಲಿ ಬರುವಾಗ ಕಾರೊಂದು ಗುದ್ದಿ ಹೋಗಿತ್ತು. ಹಾಲಿನ ಗಾಡಿಯವನು ನೋಡುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು, ಉಸಿರಿರಲಿಲ್ಲ. ತಿಳಿ ಬಣ್ಣದ ಕಾರು ಅಂತ ಯಾರೋ ಹೇಳಿದ್ದರು, ಅಷ್ಟೇ.

"ಮಾರನೇ ದಿನ ಬೆಳಗ್ಗೆ ನಾನು ಊರಲ್ಲಿರೋ ಗ್ಯಾರೇಜೆಲ್ಲ ತಿರುಗಿದೆ," ಅಂದರು ಅಕ್ಕ. "ಗುದ್ದಿದ ಕಾರು ರಿಪೇರಿಗೆ ಬರಲೇಬೇಕಲ್ಲ. ಹನ್ನೊಂದು ಗ್ಯಾರೇಜು. ನಿಮ್ಮ ಮೇಸ್ತ್ರೀನೂ ಆವತ್ತೇ ಮೊದಲು ನೋಡಿದ್ದು. ಬಂದಿಲ್ಲಮ್ಮಾ ಅಂದ್ರು. ಎಲ್ಲರೂ ಹಾಗೇ ಅಂದ್ರು. ನೀರು ಕೊಟ್ಟೋರು ಅವರೊಬ್ಬರೇ. ನೀನು ಒಡೆದ ಕಾರಿನ ಫೋಟೋ ನೋಡೋನಲ್ವಾ, ಯಾವುದಾದ್ರೂ ಹಳೇದು ಕಣ್ಣಿಗೆ ಬಿದ್ರೆ ಹೇಳು. ಜೈಲಿಗೆ ಹಾಕ್ಲಿ ಬಿಡ್ಲಿ, ಯಾರು ಅಂತ ಗೊತ್ತಾದ್ರೆ ಸಾಕು ನನಗೆ. ದಾರೀಲಿ ಹೋಗೋ ಎಲ್ಲರ ಮುಖಾನೂ ಅನುಮಾನದಿಂದ ನೋಡಿ ನೋಡಿ ಸುಸ್ತಾಗಿದೆ."

ಮಾರನೇ ದಿನ ಆಫೀಸಿನಲ್ಲಿ ಟೈಪು ಮಾಡುತ್ತಾ ತಾರೀಖಿನ ಹತ್ತಿರ ಬಂದಾಗ ಬೆರಳು ನಿಂತಿತು. ನಂಬರು, ತಾರೀಖು ನೋಡಿಯೇ ಸಂಬಳ ತಿನ್ನುವವನು ನಾನು. ಒಮ್ಮೆ ನೋಡಿದ್ದು ಮರೆಯುವುದಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಟ್ಟ ಚೀಟಿಯ ಹಿಂದೆ ಇದ್ದದ್ದು ಅದೇ ತಾರೀಖು. ಮುಂದೆ ಇದ್ದದ್ದು ಕೆನೆ ಬಣ್ಣ. ಮಡ್‌ಗಾರ್ಡಿನ ಮೇಲೆ ನೀಲಿ.

ಆ ಮೇಲೆ ನಾನು ಮಾಡಿದ ಧೈರ್ಯದ ಕೆಲಸವೆಂದರೆ ಹಳೆಯ ಕಾಗದದಲ್ಲಿದ್ದ ಒಂದು ಅಕ್ಷರದ ತಪ್ಪು ತಿದ್ದಿದ್ದು. ಹತ್ತು ಪ್ರತಿ ತೆಗೆದು ಅಕ್ಕನಿಗೆ ಕೊಟ್ಟು, ಬಾಲ ಮುದುರಿಕೊಂಡು ಮೆಟ್ಟಿಲು ಹತ್ತಿದೆ. ಒಂದು ತಿಂಗಳು ಚಿಕ್ಕಪ್ಪನ ಪಕ್ಕ ಕೂತು ಅವರ ಬೆರಳುಗಳನ್ನೇ ನೋಡಿದೆ. ಪ್ರತಿ ಭಾನುವಾರ ಅವರು ಆ ಎಡ ಮಡ್‌ಗಾರ್ಡನ್ನು ಹಸಿರಿನಿಂದ ಮುಚ್ಚುತ್ತಿದ್ದರು, ಪ್ರತಿ ಭಾನುವಾರ ಅವರೇ ಒದ್ದೆ ಕುಂಚದಿಂದ ತಿಕ್ಕಿ ನೀಲಿಯನ್ನು ಹೊರಗೆ ತರುತ್ತಿದ್ದರು. ಉದ್ದ ಸರಿಯಿಲ್ಲ ಅಂತ ಮತ್ತೆ ಮುಚ್ಚುತ್ತಿದ್ದರು. ಕೊನೆಯ ವಾರ್ನಿಷ್ ಹೊಡೆದುಬಿಟ್ಟರೆ ಎಲ್ಲ ಭದ್ರವಾಗಿ ಕೂರುತ್ತಿತ್ತು. ಆ ಡಬ್ಬಿಯ ಮುಚ್ಚಳವನ್ನೇ ಅವರು ಒಂಬತ್ತು ವರ್ಷದಲ್ಲಿ ತೆಗೆದಿರಲಿಲ್ಲ. ಕೆಳಗೆ ಯಂತ್ರ ಓಡುತ್ತಿತ್ತು. ಮೇಜಿನ ಮೇಲೆ ತಲೆ ತಿರುಗುತ್ತಿತ್ತು. ನನಗೂ ಈಗ ಬೆನ್ನ ಹಿಂದೆ ಯಾರೋ ನಿಂತ ಹಾಗಾಗುತ್ತಿತ್ತು.

ಆಮೇಲೆ ಪೊಲೀಸರಿಂದ ಅಕ್ಕನಿಗೊಂದು ಪತ್ರ ಬಂತು. ಸರ್ಕಾರಿ ಭಾಷೆ ಅರ್ಥವಾಗಲಿಲ್ಲವೆಂದು ಅಕ್ಕ ನನ್ನಿಂದ ಓದಿಸಿದರು. ಹೊಸ ಮಾಹಿತಿ ಯಾವುದೂ ದೊರೆಯದ ಕಾರಣ ಕಡತವನ್ನು ಮುಕ್ತಾಯಗೊಳಿಸಲಾಗುವುದು, ಹೇಳುವುದೇನಾದರೂ ಇದ್ದಲ್ಲಿ ಮೂವತ್ತು ದಿನದೊಳಗೆ ಹೇಳತಕ್ಕದ್ದು.

"ಅಂದ್ರೆ ಮುಗೀತು ಅಂತ," ಅಂದರು ಅಕ್ಕ. ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. "ತಂಗಿ ಕರೀತಾನೇ ಇದಾಳೆ. ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಿ ಅವಳ ಊರಿಗೆ ಹೋಗ್ತೀನಿ. ಇನ್ನು ಇಲ್ಲಿ ಕಾಯೋದೇನಿದೆ?"

ನಾನು ಮೇಲೆ ಬಂದೆ. ಚಿಕ್ಕಪ್ಪ ಗ್ಯಾರೇಜಿನ ಅಂಗಿಯಲ್ಲೇ ಮೇಜಿನ ಮುಂದೆ ಕೂತಿದ್ದರು. ಚಿಕ್ಕಮ್ಮ ಬಾಗಿಲ ಹತ್ತಿರ ತರಕಾರಿ ಹೆಚ್ಚುತ್ತಿದ್ದರು. ಪತ್ರದಲ್ಲಿದ್ದದ್ದನ್ನು ಹೇಳಿದೆ. ಅಕ್ಕ ಅಂಗಡಿ ಬಿಡುವುದನ್ನೂ ಹೇಳಿದೆ. ಆಮೇಲೆ ನನ್ನ ಬಾಯಿಂದ ಬಂದ ಮಾತು ನನಗೇ ಅಸಹ್ಯವಾಗುವಂಥದ್ದು.

"ಇನ್ನು ಮೇಲೆ ಅದು ತಿರುಗಲ್ಲ ಚಿಕ್ಕಪ್ಪ. ನೀವು ಬಚಾವು."

ಅವರು ನನ್ನ ಕಡೆ ತಿರುಗಿದರು. "ಚೀಟಿ ಓದಿದ್ದೀಯ."

"ಓದಿದೀನಿ."

"ಬಣ್ಣ ಹೊಂದಿಸೋವಾಗ ಮೊದಲು ರಟ್ಟಿನ ಮೇಲೆ ಹೊಡೆದು ನೋಡ್ತೀವಿ. ಹಿಂದೆ ಗಾಡಿ ನಂಬರು, ತಾರೀಖು ಬರೀತೀವಿ. ಆ ಗಾಡೀನ ಪುಸ್ತಕದಲ್ಲಿ ಬರೀಬೇಡ ಅಂದಿದ್ರು ಗ್ಯಾರೇಜಿನ ಯಜಮಾನ್ರು. ಚೀಟಿ ಬರೀಬೇಡ ಅಂದಿರಲಿಲ್ಲ. ಅಭ್ಯಾಸ, ಬರೆದೆ." ಅವರು ಕುಂಚವನ್ನು ಥಿನ್ನರಿನಲ್ಲಿ ಅದ್ದಿ ಒರೆಸತೊಡಗಿದರು. "ಬೆಳಗ್ಗೆ ಆರಕ್ಕೆ ಬಂತು. ಬಾಗಿಲು ಇನ್ನೂ ತೆಗೆದಿರಲಿಲ್ಲ. ಎಡ ಮಡ್‌ಗಾರ್ಡು ಒಳಗೆ ಹೋಗಿತ್ತು, ಅದರ ಮೇಲೆ ನೀಲಿ. ಲೈಟಿನ ಸಂದೀಲಿ ಬೂದು ಉಣ್ಣೆಯ ಎಳೆ. ಹಸು ಅಡ್ಡ ಬಂತು ಅಂದ ಕಾರಿನೋನು. ಹಸು ಸ್ವೆಟರ್ ಹಾಕ್ಕೊಳ್ಳಲ್ಲ. ನಾಳೆ ಮಧ್ಯಾಹ್ನದೊಳಗೆ ಆಗಬೇಕು ಅಂದ್ರು ಯಜಮಾನ್ರು. ಆಗತ್ತೆ ಅಂದೆ."

ಚಿಕ್ಕಮ್ಮನ ಚಾಕು ನಿಂತಿತ್ತು.

"ತಗೊಂಡು ಹೋಗೋವಾಗ ಹಿಂದಿನ ಸೀಟಿಂದ ಒಂದು ಡಬ್ಬಿ ತೆಗೆದು ಕೊಟ್ಟ. ಮಗನ ಹುಟ್ಟಿದ ಹಬ್ಬಕ್ಕೆ ತಂದಿದ್ದೆ, ಈಗ ಕೊಡೋಕೆ ಮನಸ್ಸಿಲ್ಲ, ನಿನ್ನ ಮಕ್ಕಳಿಗೆ ಕೊಡು ಅಂದ. ನನಗೆ ಮಕ್ಕಳಿಲ್ಲ ಅನ್ನೋಕೂ ಬಾಯಿ ಬರಲಿಲ್ಲ, ಈಸ್ಕೊಂಡೆ. ಅವನು ಕೊಟ್ಟಿದ್ದು ಒಂದೊಂದಾಗಿ ಕಿತ್ತು ಹಾಕಿದೆ. ಚೈನು, ಗೇರು, ಚಕ್ರ. ಎಲ್ಲ ಬದಲಾಯಿಸಿದ್ರೆ ಇದು ಅವನು ಕೊಟ್ಟಿದ್ದಲ್ಲ ಅಂತಾಗತ್ತೆ ಅಂದ್ಕೊಂಡೆ. ಆಗಲಿಲ್ಲ. ಆಮೇಲೆ ನಾನು ಅಳಿಸಿದ್ದನ್ನ ಇದರ ಮೇಲೆ ಬರೆಯೋಣ ಅಂತ ಕೂತೆ. ಮೂರು ವರ್ಷ ಆದ ಮೇಲೆ ಅವರು ಬಂದು ಇಲ್ಲೇ ಕೆಳಗೆ ಅಂಗಡಿ ಹಾಕಿದ್ರು. ಊರಲ್ಲಿ ಬೇರೆ ಮಳಿಗೇನೇ ಇರಲಿಲ್ವೇನೋ."

ಕೆಳಗೆ ಯಂತ್ರ ಸಣ್ಣಗೆ ಗುರ್ ಎಂದಿತು. ತಲೆ ಚಕ್ ಎಂದು ತಿರುಗಿತು. ನಾವು ಮೂವರೂ ಅದನ್ನು ನೋಡಿದೆವು.

ಚಿಕ್ಕಪ್ಪ ಎದ್ದು ಹೊಟ್ಟೆಯಡಿಯ ಮುಚ್ಚಳ ತೆಗೆದು ಚೀಟಿ ಜೇಬಿಗಿಟ್ಟರು. ಟ್ಯಾಂಕನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡರು. ಬಾಗಿಲ ಹತ್ತಿರ ನಿಂತು ತಮ್ಮ ಅಂಗಿಯನ್ನು ನೋಡಿಕೊಂಡರು. ಎದೆಯ ಮೇಲೆಲ್ಲ ಪ್ರೈಮರ್ ಬಣ್ಣದ ಕಲೆ.

"ಬದಲಾಯಿಸಿಕೊಂಡು ಹೋಗ್ಲಾ?"

"ಬೇಡ," ಅಂದರು ಚಿಕ್ಕಮ್ಮ. ಮುಖ ಎತ್ತಲಿಲ್ಲ. "ಅದರಲ್ಲೇ ಹೋಗಿ."

ನಾನೂ ಹಿಂದೆ ಇಳಿದೆ. ಯಾಕೆ ಅಂತ ಕೇಳಿದರೆ ಧೈರ್ಯ ಹೇಳಲು ಅನ್ನಬಹುದು, ಆದರೆ ಮೆಟ್ಟಿಲಿನಲ್ಲಿ ಕೈಕಂಬಿ ಹಿಡಿದುಕೊಂಡದ್ದು ನಾನು.

ಅಕ್ಕ ಒಬ್ಬರೇ ಇದ್ದರು. "ಏನು ಮೇಸ್ತ್ರೀ, ನಿಮ್ಮ ರಥ ಸವಾರಿ ಹೊರಟಿದ್ಯಾ?" ಅಂದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಜಾಗ ಮಾಡಿದರು. ಚಿಕ್ಕಪ್ಪ ಟ್ಯಾಂಕನ್ನು ಅಲ್ಲಿಟ್ಟು, ಎಡ ಮಡ್‌ಗಾರ್ಡು ಅವರ ಕಡೆಗೆ ಬರುವ ಹಾಗೆ ತಿರುಗಿಸಿದರು. ಅದರ ಪಕ್ಕ ಚೀಟಿ ಇಟ್ಟರು. ಮೂಲೆಯ ಸೈಕಲ್ಲಿನ ನೀಲಿಗೂ ಮಡ್‌ಗಾರ್ಡಿನ ನೀಲಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಬಣ್ಣ ಹೊಂದಿಸುವುದರಲ್ಲಿ ಅವರನ್ನು ಮೀರಿಸುವವರು ಈ ಊರಿನಲ್ಲಿಲ್ಲ.

ಮೇಲೆ ನಮಗೆ ಹೇಳಿದ್ದನ್ನೇ ಅವರು ಅದೇ ಕ್ರಮದಲ್ಲಿ, ಅಷ್ಟೇ ಮಾತಿನಲ್ಲಿ ಹೇಳಿದರು. ಕ್ಷಮಿಸಿ ಅನ್ನಲಿಲ್ಲ. ಹಸುವಿನ ಮಾತು ಬಂದಾಗ ಅಕ್ಕನ ಕೈ ಕೊರಳಿನ ಟೇಪಿಗೆ ಹೋಯಿತು. ಸ್ವೆಟರ್ ಅಂದಾಗ, "ನಾನೇ ಹೆಣೆದಿದ್ದು," ಅಂದರು. ಯಾರಿಗೆ ಹೇಳಿದರೋ ಗೊತ್ತಾಗಲಿಲ್ಲ.

"ನಂಬರು ಇದರ ಹಿಂದಿದೆ," ಅಂದರು ಚಿಕ್ಕಪ್ಪ. "ಎಲ್ಲಿಗೆ ಕರೆದ್ರೂ ಬರ್ತೀನಿ. ಏನು ಕೇಳಿದ್ರೂ ಹೇಳ್ತೀನಿ. ನಾಳೆನೇ ಹೋಗೋಣ ಅಂದ್ರೆ ನಾಳೆನೇ."

ಅಕ್ಕ ಚೀಟಿಯನ್ನು ಮಗುಚಿ ಓದಿದರು. ಮತ್ತೆ ಮಗುಚಿ, ಕೆನೆ ಬಣ್ಣದ ಮೇಲೆ ಹೆಬ್ಬೆರಳಿನಿಂದ ಒಮ್ಮೆ ಸವರಿದರು. ನಯವಾಗಿತ್ತು, ಕನ್ನಡಿಯ ಹಾಗೆ. ಕತ್ತರಿಸಿಟ್ಟ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟರು. ಹೊರಗೆ ಯಾರೋ ಬಂದು ಒಳಗೆ ನೋಡಿ, ಏನನ್ನಿಸಿತೋ, ಹಾಗೇ ತಿರುಗಿ ಹೋದರು.

"ಒಂದು ಮಾತು ಕೇಳ್ತೀನಿ ಮೇಸ್ತ್ರೀ," ಅಂದರು ಕೊನೆಗೆ. "ಆವತ್ತು ಬೆಳಗ್ಗೆ ನಾನು ನಿಮ್ಮ ಗ್ಯಾರೇಜಿಗೆ ಬಂದು ಕೇಳಿದೆನಲ್ಲ. ನೀವು ನೀರು ಕೊಟ್ರಿ. ಆಗ ಆ ಕಾರು ಎಲ್ಲಿತ್ತು?"

"ಒಳಗೇ ಇತ್ತು," ಅಂದರು ಚಿಕ್ಕಪ್ಪ. "ಬಣ್ಣ ಇನ್ನೂ ಹಸಿ ಇತ್ತು."